ಆರು ತಿಂಗಳ ಮೇಲ್ಪಟ್ಟು

ತಿರುವನಂತಪುರದಿಂದ ಬಂದ ಫಾರ್ಮು, ಹದಿನೆಂಟು ಪುಟ.
ಮಲಯಾಳದ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಲಿಕ್ಕೆ
ಮಂಗಲ್ಪಾಡಿ ಪಂಚಾಯತಿಗೆ ನಾನು, ಜಲಜಾಕ್ಷಿ.
ದಿನಕ್ಕೆ ಆರುನೂರು, ಬಸ್ಸಿನ ಹಣ ಬೇರೆ.

ತರಬೇತಿಯಲ್ಲಿ ಹೇಳಿಕೊಟ್ಟರು:
ವಲಸೆಗಾರ ಎಂದರೆ
ಆರು ತಿಂಗಳು, ಅಥವಾ ಅದಕ್ಕೆ ಮೇಲ್ಪಟ್ಟು
ಮನೆಯಿಂದ ಹೊರಗಿದ್ದವನು.
ಐದೂವರೆ ಆದರೆ? ಯಾರೋ ಕೇಳಿದರು.
ಅವ ಪ್ರವಾಸ ಹೋದದ್ದು, ಎಂದರು ಹರೀಂದ್ರನ್ ಸರ್.
ಎಲ್ಲರೂ ನಕ್ಕೆವು. ಚಾ ಬಂತು.

ಮೊದಲ ಮನೆ ಕೊಲಂಬು ಹೌಸ್.
ಎರಡನೆಯದು ಬೊಂಬಾಯಿ ಮಂಝಿಲ್.
ಮೂರನೆಯದರ ಗೇಟಿನಲ್ಲಿ ಹಿತ್ತಾಳೆಯ ಅಕ್ಷರ: ಅಲ್ ಐನ್.
ಕೊಲಂಬಿಗೆ ಹಡಗು ಹತ್ತಿದವ ಅಜ್ಜನೋ, ಅಜ್ಜನ ಭಾವನೋ
ಆ ಮನೆಯಲ್ಲಿ ಈಗ ಯಾರಿಗೂ ಗೊತ್ತಿಲ್ಲ.
ಮದುವೆಯ ಕಾಗದದಲ್ಲಿ ಮಾತ್ರ ಇವತ್ತಿಗೂ
ಅವ ಇಳಿದ ಬಂದರು ಅಚ್ಚಾಗುತ್ತದೆ.
ಫಾರ್ಮಿನಲ್ಲಿ ಮನೆಯ ಹೆಸರಿಗೆ ಜಾಗವಿಲ್ಲ.
ನಂಬ್ರ ಸಾಕಂತೆ.

ಬೀಫಾತುಮ್ಮನ ಅಡುಗೆಕೋಣೆಯ ದಾರಂದದಲ್ಲಿ
ಪೆನ್ಸಿಲಿನ ಗೆರೆಗಳು. ಎಣಿಸಿದೆ, ಒಂಬತ್ತು.
ಮೊಣಕಾಲಿಗಿಂತ ತುಸು ಮೇಲೆ ಒಂದು,
ಸೊಂಟಕ್ಕೊಂದು, ಎದೆಗೊಂದು,
ಕೊನೆಯದು ನನ್ನ ನೆತ್ತಿಗಿಂತ ಗೇಣು ಎತ್ತರ.
ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು
ಮಗನನ್ನು ನಿಲ್ಲಿಸಿ ಅಳೆಯುತ್ತಿದ್ದರಂತೆ ಅವರು.
ನಡುವೆ ಬೆಳೆದದ್ದು? ಕೇಳಿದೆ, ಅದು ಪ್ರಶ್ನಾವಳಿಯಲ್ಲಿ ಇಲ್ಲದಿದ್ದರೂ.
ಅದೆಲ್ಲ ನಾನು ನೋಡಿದ್ದೇನೆ ಮಗಳೇ,
ಗೆರೆ ಎಳೆಯಲಿಲ್ಲ.
ಪೆನ್ಸಿಲು ಅವರದ್ದು.

ಬರೆದುಕೊಂಡೆ: ವಿದೇಶವಾಸ, ಇಪ್ಪತ್ತಾರು ವರ್ಷ.
ಕಳಿಸಿದ ಹಣ: ಅವರು ಬಾಯಲ್ಲಿ ಹೇಳಿದ್ದು ಒಂದು,
ಬಾಗಿಲ ಮರೆಯಿಂದ ಸೊಸೆ ಬೆರಳಲ್ಲಿ ತೋರಿಸಿದ್ದು ಇನ್ನೊಂದು.
ಎರಡರ ನಡುವೆ ಒಂದು ಸಂಖ್ಯೆ ಹಾಕಿದೆ.
ದೇವರು ಕ್ಷಮಿಸಲಿ, ಹರೀಂದ್ರನ್ ಸರ್ ಕೂಡ.

ಹೊಸಂಗಡಿಯ ಪ್ಲೈವುಡ್ ಮಿಲ್ಲಿನ ಹಿಂದೆ
ಹನ್ನೆರಡು ಜನ ಮಲಗುವ ತಗಡಿನ ಕೋಣೆ.
ಅಲ್ಲಿಗೆ ಹೋಗಬೇಕಿಲ್ಲ ಎಂದಿದ್ದರು.
ಇದು ಹೋದವರ ಲೆಕ್ಕ, ಬಂದವರದ್ದು ಬೇರೆ ಪ್ರಾಜೆಕ್ಟು.
ದೀದಿ, ನನ್ನನ್ನು ಬರೆಯುವುದಿಲ್ಲವಾ?
ಮುರ್ಷಿದಾಬಾದಿನ ರಕೀಬುಲ್, ಕೂದಲ ತುಂಬ ಮರದ ಹುಡಿ.
ನಿನ್ನ ಮನೆಗೂ ಯಾರಾದರೂ ಬಂದು ಬರೆದಾರು, ಎಂದೆ.
ಸ್ವಲ್ಪ ಹೊತ್ತು ಯೋಚಿಸಿದ.
ಅಮ್ಮ ಎಂತ ಹೇಳಿಯಾಳು,
ಅವಳ ನಾಲಗೆಗೆ ಹೊಸಂಗಡಿ ಹೊರಳುವುದಿಲ್ಲ.

ಹದಿನಾಲ್ಕನೆಯ ಮನೆ, ಬಾವಿ ತೋಡುವ ಐತ್ತಪ್ಪ.
ಯಾರೂ ಹೊರಗೆ ಹೋಗಿಲ್ಲವಾ?
ಇಲ್ಲ.
ಬೊಂಬಾಯಿ, ಮಸ್ಕತ್, ಎಲ್ಲಿಗೂ?
ಎಲ್ಲರೂ ಹೋದರೆ ನೀವು ಬಂದಾಗ
ಬಾಗಿಲು ತೆಗೆಯುವುದು ಯಾರಕ್ಕಾ?
ಹೋಗದೆ ಇದ್ದುದಕ್ಕೆ ಕಾರಣ ಬರೆಯುವ ಕಲಮು
ಹದಿನೆಂಟು ಪುಟದಲ್ಲಿ ಎಲ್ಲಿಯೂ ಸಿಗಲಿಲ್ಲ.

ಮರಳುವಾಗ ಬೀಫಾತುಮ್ಮ ಗೇಟಿನಲ್ಲಿ ನಿಂತಿದ್ದರು.
ಕೇಳಲಿಕ್ಕೆ ಮರೆತೆ, ನೀನು ಎಲ್ಲಿಯವಳು?
ವರ್ಕಾಡಿ. ಉಪ್ಪಳಕ್ಕೆ ಕೊಟ್ಟದ್ದು.
ಎಷ್ಟಾಯಿತು?
ಹನ್ನೊಂದು ವರ್ಷ.
ಹಾಗಾದರೆ ಆರು ತಿಂಗಳು ದಾಟಿತಲ್ಲ ಮಾರಾಯ್ತಿ!

ಬಸ್ಸಿನಲ್ಲಿ ಕೂತು ಆ ಮಾತನ್ನೇ ಮಗುಚಿ ಮಗುಚಿ ನೋಡಿದೆ.
ಅವರ ಗಂಡ ದುಬಾಯಿಗೆ ಹೋದದ್ದು.
ನನ್ನ ಅಣ್ಣ ಸೂರತ್ತಿಗೆ ಹೋದದ್ದು.
ರಕೀಬುಲ್ ಬಂದದ್ದು.
ನನ್ನನ್ನು ಕೊಟ್ಟದ್ದು.
ಹದಿನೈದು ಕಿಲೋಮೀಟರಿಗೆ
ಬೇರೆಯೇ ಒಂದು ಕ್ರಿಯಾಪದ.

ಅಮ್ಮನ ಫೋನು. ಈ ಸಲ ಬಂದರೆ ಎಷ್ಟು ದಿನ ನಿಲ್ಲುತ್ತೀ?
ಎರಡು, ಎಂದೆ. ಸರ್ವೆ ಉಂಟಲ್ಲ.
ಕಂಡಕ್ಟರು ಚಿಲ್ಲರೆ ಕೇಳುತ್ತಿದ್ದ.
ಮಡಿಲಲ್ಲಿದ್ದ ಫಾರ್ಮುಗಳ ಮೇಲೆ ಕೈಯಿಟ್ಟು
ಗಾಳಿಗೆ ಹಾರದ ಹಾಗೆ ಹಿಡಿದುಕೊಂಡೆ.